ಬರ್ಲಿನ್‌ನಲ್ಲಿ ತುರ್ಕಿಯ ಪರ ಸಹಿ ಹಾಕಿದ ಕ್ರೈಸ್ತ ಪಾಷಾ: ನಿಷ್ಠನೋ, ಬಲಿಪಶುವೋ?

ದೀವಟಿಗೆ
ರಷ್ಯಾ-ತುರ್ಕಿ ಯುದ್ಧದ ನಂತರ ಯುರೋಪಿನ ದೊಡ್ಡ ರಾಜ್ಯಗಳು ತುರ್ಕಿಯ ನೆಲದ ಹಂಚಿಕೆಗೆ ಸೇರಿದ 1878ರ ಬರ್ಲಿನ್ ಸಮ್ಮೇಳನದ ಪಾಠ ಮಾಡುವಾಗ ಜರ್ಮನಿಯ ಬಿಸ್ಮಾರ್ಕ್, ಬ್ರಿಟನ್ನಿನ ಡಿಸ್ರೇಲಿ, ಆಸ್ಟ್ರಿಯಾದ ಆಂಡ್ರಾಸಿ, ರಷ್ಯಾದ ಗೋರ್ಚಕೋವ್ ಎಂದು ನಾಲ್ಕು ಹೆಸರು ಹೇಳಿ ಮುಗಿಸುತ್ತೇವೆ. ಪಾಲಾಗಿದ್ದು ಯಾರ ಮನೆಯೋ ಆ ಮನೆಯವರ ಹೆಸರೇ ಪುಸ್ತಕದಲ್ಲಿ ಇರುವುದಿಲ್ಲ. ಈ ಸಲ ಹುಡುಕಿದೆ. ಆಟೊಮನ್ ಸಾಮ್ರಾಜ್ಯದ, ಅಂದರೆ ಅಂದಿನ ತುರ್ಕಿಯ, ಮೊದಲ ಪ್ರತಿನಿಧಿ ಅಲೆಕ್ಸಾಂಡರ್ ಕರಥಿಯೊಡೊರಿ ಪಾಷಾ (ಪಾಷಾ ಎಂದರೆ ದೊಡ್ಡ ಅಧಿಕಾರಿಗಳ ಬಿರುದು). ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತ, 1833ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದವನು, ಪ್ಯಾರಿಸ್‌ನಲ್ಲಿ ಕಾನೂನು ಓದಿದವನು.

ನನಗೆ ಅರ್ಥವಾಗದಿರುವುದು ಇದು. ಎರಡನೇ ಅಬ್ದುಲ್ ಹಮೀದ್ ಸುಲ್ತಾನ ಮಾತ್ರವಲ್ಲ, ಖಲೀಫ ಎಂದೂ ಹೇಳಿಕೊಳ್ಳುತ್ತಿದ್ದವನು. ಯುದ್ಧ ನಡೆದಿದ್ದು ರಷ್ಯಾದೊಂದಿಗೆ. ಆರ್ಥೊಡಾಕ್ಸ್ ಕ್ರೈಸ್ತರ ರಕ್ಷಣೆಗೆ ಬಂದಿದ್ದೇನೆ ಎಂದು ಝಾರ್ ಕತ್ತಿ ಹಿರಿದಿದ್ದ. ಸೋತ ಮೇಲೆ ಸಂಧಾನಕ್ಕೆ ಅದೇ ಆರ್ಥೊಡಾಕ್ಸ್ ಪಂಗಡದವನನ್ನೇ ಕಳುಹಿಸಿದ್ದು ಏಕೆ? ಮುಸ್ಲಿಂ ಮಂತ್ರಿಗಳು ಕೆಟ್ಟ ಹೆಸರಿಗೆ ಹೆದರಿ ಜಾರಿಕೊಂಡರೇ? ಆತನಾದರೂ ಏಕೆ ಒಪ್ಪಿದ? ತಿಳಿದವರು ಹೇಳಿ.

ಚುಟುಕು
ಸೋಲಿಗೆ ಸಹಿ ಹಾಕಲು ಯಾವಾಗಲೂ ಹೊರಗಿನವನೇ ಬೇಕು. ಗೆದ್ದಿದ್ದರೆ ಸಾಲು ನಿಂತಿರುತ್ತಿದ್ದರು.

ಹಳೆಯ ನಕಾಶೆ
ಚುಟುಕು ಅವರ ಮಾತು ಕೇಳಲು ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಹಿನ್ನೆಲೆ ನೋಡಿ. 1878ರ ಮಾರ್ಚ್ 3ರಂದು ಸಾನ್ ಸ್ಟೆಫಾನೊದಲ್ಲಿ ರಷ್ಯಾ ಹೇರಿದ ಒಪ್ಪಂದಕ್ಕೆ ತುರ್ಕಿಯ ಪರ ಸಹಿ ಹಾಕಿದ್ದು ಸಫ್ವೆತ್ ಪಾಷಾ, ಅವನ ಜೊತೆ ಸಾದುಲ್ಲಾ ಬೇ. ಇಬ್ಬರೂ ಮುಸ್ಲಿಮರೇ. ಅಂದರೆ ಅತ್ಯಂತ ಅವಮಾನದ ಕಾಗದಕ್ಕೆ ಕ್ರೈಸ್ತನನ್ನು ಹುಡುಕಿ ಕರೆದು ತರಲಿಲ್ಲ. ಬರ್ಲಿನ್ ಸಮ್ಮೇಳನ ಸೇರಿದ್ದು ಅದನ್ನು ತಿದ್ದಲು. ಅಲ್ಲಿಗೆ ಬೇಕಾಗಿದ್ದು ಫ್ರೆಂಚ್ ಭಾಷೆಯಲ್ಲಿ ವಕೀಲನಂತೆ ವಾದಿಸಬಲ್ಲವನು, ಯುರೋಪಿನ ಕಾನೂನು ತಿಳಿದವನು. ಕರಥಿಯೊಡೊರಿ ಅದಾಗಲೇ ರೋಮ್‌ನಲ್ಲಿ ರಾಯಭಾರಿಯಾಗಿದ್ದ, ವಿದೇಶಾಂಗ ಖಾತೆಯ ಒಳಹೊರಗು ಬಲ್ಲವನಾಗಿದ್ದ.

ಇನ್ನು ಆ ಖಾತೆಯಲ್ಲಿ ಕ್ರೈಸ್ತರು ಹೊಸಬರೇನಲ್ಲ. 1699ರ ಕಾರ್ಲೊವಿಟ್ಸ್ ಸಂಧಾನದಲ್ಲಿ ಆಟೊಮನ್ ಪರ ಮಾತನಾಡಿದ ಅಲೆಕ್ಸಾಂಡರ್ ಮಾವ್ರೊಕೊರ್ಡಾಟೊ ಗ್ರೀಕನೇ. ಲಂಡನ್‌ನಲ್ಲಿ 1851ರಿಂದ 1885ರವರೆಗೆ ಸುಲ್ತಾನನ ರಾಯಭಾರಿಯಾಗಿದ್ದವನು ಕೋಸ್ತಾಕಿ ಮುಸುರುಸ್ ಪಾಷಾ, ಅವನೂ ಗ್ರೀಕ್. ಸುಲ್ತಾನರು ಬದಲಾದರು, ಮುಸುರುಸ್ ಬದಲಾಗಲಿಲ್ಲ.

ಬ್ಯಾಡಗಿ ಖಾರ
ಇದೇ ಹಳೆಯ ರಾಗ. "ನೋಡಿ, ಎಷ್ಟು ಉದಾರ ಸಾಮ್ರಾಜ್ಯ, ಕ್ರೈಸ್ತರಿಗೂ ಪಾಷಾ ಪದವಿ!" 1821ರಲ್ಲಿ ಗ್ರೀಕರು ದಂಗೆ ಎದ್ದಾಗ ಇಸ್ತಾಂಬುಲ್‌ನಲ್ಲಿ ನಡೆದಿದ್ದು ಏನು? ಧರ್ಮಗುರು ಐದನೇ ಗ್ರೆಗರಿಯನ್ನು ಈಸ್ಟರ್ ದಿನವೇ ಮಠದ ಬಾಗಿಲಿಗೆ ನೇಣು ಹಾಕಿದರು. ಆಸ್ಥಾನದ ಗ್ರೀಕ್ ದುಭಾಷಿ ಕಾನ್‌ಸ್ಟಂಟಿನ್ ಮುರೂಸಿಯ ತಲೆ ಹಾರಿಸಿದರು. ದಂಗೆ ಎದ್ದವರು ಎಲ್ಲೋ, ಶಿಕ್ಷೆ ಯಾರಿಗೋ. ಅದಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದವನು ಈ ಅಲೆಕ್ಸಾಂಡರ್. ಆ ನೆನಪು ಮನೆಮನೆಯಲ್ಲೂ ಇದ್ದಿರಲೇಬೇಕು. ಅಂಥ ಮನೆಯಿಂದ ಬಂದವನ ನಿಷ್ಠೆಯನ್ನು ನಿಷ್ಠೆ ಎನ್ನುತ್ತೀರೋ, ಭಯ ಎನ್ನುತ್ತೀರೋ?

ನೇತ್ರಾವತಿ ದಡ
ಖಾರ ಅವರೇ, ಅದೇ 1820ರ ದಶಕದಲ್ಲಿ ಅಲೆಕ್ಸಾಂಡರನ ತಂದೆ ಸ್ಟೆಫಾನೋಸ್ ವೈದ್ಯಕೀಯ ಓದಿಕೊಂಡು ಬಂದು ಎರಡನೇ ಮಹಮೂದ್ ಸುಲ್ತಾನನ ವೈದ್ಯನಾದ. ಇಸ್ತಾಂಬುಲ್‌ನ ಸರ್ಕಾರಿ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳಿದ. ಗ್ರೀಕ್ ಧರ್ಮಗುರುವನ್ನು ನೇಣಿಗೆ ಕಳುಹಿಸಿದ ಸುಲ್ತಾನನೇ ಗ್ರೀಕ್ ವೈದ್ಯನ ಮುಂದೆ ನಾಡಿ ಹಿಡಿಸಿಕೊಳ್ಳಲು ಕೈ ಚಾಚುತ್ತಿದ್ದ. ಬರೀ ಭಯ ಎಂದರೆ ಇದು ಬಿಡಿಸಿಕೊಳ್ಳುವುದಿಲ್ಲ.

ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು. "ಕ್ರೈಸ್ತ" ಎಂದಾಕ್ಷಣ ಎಲ್ಲರನ್ನೂ ಒಂದೇ ಮೂಟೆಗೆ ತುಂಬುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಹಾಗಾಗಿ ಇದನ್ನು ಹೇಳಲೇಬೇಕು. ರಷ್ಯಾ ಆರ್ಥೊಡಾಕ್ಸ್, ಗ್ರೀಕರೂ ಆರ್ಥೊಡಾಕ್ಸ್, ಬಲ್ಗೇರಿಯನ್ನರೂ ಆರ್ಥೊಡಾಕ್ಸ್. ಆದರೆ 1870ರಲ್ಲಿ ಬಲ್ಗೇರಿಯನ್ನರು ಸುಲ್ತಾನನಿಂದ ಫರ್ಮಾನು ಪಡೆದು ತಮ್ಮದೇ ಬೇರೆ ಧರ್ಮಪೀಠ ಮಾಡಿಕೊಂಡರು. 1872ರಲ್ಲಿ ಇಸ್ತಾಂಬುಲ್‌ನ ಗ್ರೀಕ್ ಪೀಠ ಅವರನ್ನು ಭಿನ್ನಮತೀಯರೆಂದು ಹೊರಗೆ ಹಾಕಿತು. ಸಾನ್ ಸ್ಟೆಫಾನೊದಲ್ಲಿ ರಷ್ಯಾ ಗೆರೆ ಎಳೆದ ದೊಡ್ಡ ಬಲ್ಗೇರಿಯ ಏಜಿಯನ್ ಸಮುದ್ರದವರೆಗೆ, ಮ್ಯಾಸಿಡೋನಿಯದ ಬಹುಪಾಲಿಗೆ ಹರಡಿತ್ತು. ಅದನ್ನು ಕಂಡು ತುರ್ಕರಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ಗ್ರೀಕರಿಗೆ. ಅದನ್ನು ಕತ್ತರಿಸುವಾಗ ಕರಥಿಯೊಡೊರಿಗೆ ಸುಲ್ತಾನನ ಋಣ ಬೇರೆ, ಸ್ವಂತ ಜನರ ಹಿತ ಬೇರೆ ಎಂದು ಅನ್ನಿಸುವ ಪ್ರಮೇಯವೇ ಇರಲಿಲ್ಲ.

ದೀವಟಿಗೆ
ಅಕ್ಕಾ, ಇದು ನಮ್ಮ ಯಾವ ಪಠ್ಯದಲ್ಲೂ ಇಲ್ಲ. ಹಾಗಾದರೆ ಗ್ರೀಸ್ ದೇಶದ ವಿಷಯ ಬಂದಾಗ ಏನಾಯಿತು? ಅಲ್ಲಿ ಎರಡು ಹಿತಗಳು ಎದುರುಬದುರಾಗಲೇಬೇಕಲ್ಲ?

ಹಳೆಯ ನಕಾಶೆ
ಆಯಿತು, ಚೆನ್ನಾಗಿಯೇ ಆಯಿತು. ಜೂನ್ 29ರಂದು ಗ್ರೀಸ್ ಪರವಾಗಿ ಡೆಲಿಯಾನ್ನಿಸ್ ಮತ್ತು ರಂಗಾವಿಸ್ ಸಭೆಯ ಮುಂದೆ ಬಂದು ಕ್ರೀಟ್, ಥೆಸಲಿ, ಎಪೈರಸ್ ಬೇಕೆಂದು ಕೇಳಿದರು. ಈ ರಂಗಾವಿಸ್ ಹುಟ್ಟಿದ್ದೂ ಇಸ್ತಾಂಬುಲ್‌ನಲ್ಲೇ! ಒಬ್ಬ ಅಥೆನ್ಸ್‌ಗೆ ಹೋಗಿ ಗ್ರೀಸ್‌ನ ರಾಯಭಾರಿಯಾದ, ಇನ್ನೊಬ್ಬ ಅಲ್ಲೇ ಉಳಿದು ಸುಲ್ತಾನನ ಪಾಷಾ ಆದ. ಒಂದೇ ಊರಿನ ಇಬ್ಬರು ಗ್ರೀಕರು ಬರ್ಲಿನ್‌ನ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಬಾವುಟದ ಕೆಳಗೆ. ಗಡಿಯನ್ನು ಸ್ವಲ್ಪ ಸರಿಸಿಕೊಳ್ಳಿ ಎಂದು ಸಮ್ಮೇಳನ ಸಲಹೆ ಕೊಟ್ಟಿತು, ಆಟೊಮನ್ ಕಡೆಯವರು ಜಗ್ಗಲಿಲ್ಲ. ಥೆಸಲಿ ಗ್ರೀಸ್‌ಗೆ ಸಿಕ್ಕಿದ್ದು 1881ರಲ್ಲಿ, ಮತ್ತೆ ಮೂರು ವರ್ಷ ಜಗ್ಗಾಡಿದ ಮೇಲೆ.

ಬ್ಯಾಡಗಿ ಖಾರ
ನೋಡಿದಿರಾ? ಸ್ವಂತ ಜನರ ಬಿಡುಗಡೆಗೇ ಅಡ್ಡಗಾಲು. ನಾನು ಹೇಳಬೇಕಾಗಿದ್ದನ್ನು ನೀವೇ ಹೇಳಿದಿರಿ.

ಹಳೆಯ ನಕಾಶೆ
"ಸ್ವಂತ ಜನ" ಯಾರು ಸ್ವಾಮಿ? ಆಗ ಗ್ರೀಸ್ ದೇಶದ ಒಳಗೆ ಇದ್ದ ಗ್ರೀಕರಿಗಿಂತ ಹೊರಗೆ, ಸುಲ್ತಾನನ ರಾಜ್ಯದಲ್ಲಿ ಇದ್ದವರೇ ಹೆಚ್ಚು. ಇಸ್ತಾಂಬುಲ್, ಸ್ಮಿರ್ನಾ (ಇಂದಿನ ಇಜ್ಮಿರ್) ಊರುಗಳ ವ್ಯಾಪಾರಿ, ಬ್ಯಾಂಕರ್, ವೈದ್ಯ, ವಕೀಲ ಕುಟುಂಬಗಳಿಗೆ ಅಥೆನ್ಸ್ ಒಂದು ಸಣ್ಣ ಬಡ ರಾಜಧಾನಿ. ದೊಡ್ಡ ಸಾಮ್ರಾಜ್ಯ ಉಳಿದು, 1856ರ ಸುಧಾರಣಾ ಫರ್ಮಾನು ಹೇಳಿದ ಸಮಾನತೆ ನಿಜವಾಗಿ ಜಾರಿಯಾದರೆ ತಮಗೇ ಲಾಭ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ಕೊನೆಗೆ ಕೈಕೊಟ್ಟಿತು, ಅದು ನಮಗೆ ಗೊತ್ತು. 1878ರಲ್ಲಿ ಅವರಿಗೆ ಹೇಗೆ ಗೊತ್ತಿರಬೇಕು?

ಮೂರನೇ ಬೆಂಚು
ಅಂದರೆ ಶ್ರೀಮಂತರ ಲೆಕ್ಕಾಚಾರ. ಹಳ್ಳಿಯ ಗ್ರೀಕ್ ರೈತನನ್ನು ಯಾರೂ ಕೇಳಲಿಲ್ಲ.

ವಿಲಾಯತಿ ದೀಪ
ಬರ್ಲಿನ್‌ನಲ್ಲಿರುವ ಕನ್ನಡಿಗ ನಾನು, ಹಾಗಾಗಿ ಒಂದು ಮಾತು. ಆ ಸಮ್ಮೇಳನದ ದೊಡ್ಡ ವರ್ಣಚಿತ್ರವನ್ನು ಆಂಟನ್ ಫಾನ್ ವೆರ್ನರ್ 1881ರಲ್ಲಿ ಮುಗಿಸಿದ. ಇಲ್ಲಿನ ಕೆಂಪು ಪುರಭವನದಲ್ಲಿ ಇದೆ. ಆರು ಮೀಟರ್ ಅಗಲ, ಒಂದು ಗೋಡೆ ಪೂರ್ತಿ. ನಡುವೆ ಸಮವಸ್ತ್ರದ ಬಿಸ್ಮಾರ್ಕ್ ರಷ್ಯಾದ ಶುವಾಲೋವ್‌ನ ಕೈ ಕುಲುಕುತ್ತಿದ್ದಾನೆ, ಪಕ್ಕದಲ್ಲಿ ಆಂಡ್ರಾಸಿ. ಎಡಕ್ಕೆ ಕುಳಿತಿರುವ ಮುದುಕ ಗೋರ್ಚಕೋವ್, ಕೋಲೂರಿದ ಡಿಸ್ರೇಲಿಯ ತೋಳು ಹಿಡಿದಿದ್ದಾನೆ. ತುರ್ಕರನ್ನು ಹುಡುಕಬೇಕಾದರೆ ಬಲ ಅಂಚಿಗೆ ಬರಬೇಕು. ಕೆಂಪು ಫೆಜ್ ಟೋಪಿಗಳು ಕಾಣಿಸುತ್ತವೆ, ಆದ್ದರಿಂದ ಪತ್ತೆ ಸುಲಭ. ಚಿತ್ರಕಾರ ಏನೂ ಬರೆಯದೆಯೇ ಯಾರು ಹಂಚುವವರು, ಯಾರದ್ದು ಹಂಚಿಕೆ ಎಂದು ತೋರಿಸಿಬಿಟ್ಟಿದ್ದಾನೆ. ನಿಮ್ಮ ಪಾಷಾ ಅಲ್ಲಿದ್ದಾನೆ. ಅವನ ಟೋಪಿ ನೋಡಿ ಕ್ರೈಸ್ತನೋ ಮುಸ್ಲಿಮನೋ ಹೇಳಲು ಸಾಧ್ಯವೇ ಇಲ್ಲ.

ನೇತ್ರಾವತಿ ದಡ
ಹೇಳಲು ಬರಬಾರದೆಂದೇ ಅಲ್ಲವೇ ಅದನ್ನು ತಂದದ್ದು! 1829ರಲ್ಲಿ ಎರಡನೇ ಮಹಮೂದ್ ಸರ್ಕಾರಿ ನೌಕರರೆಲ್ಲರೂ ಫೆಜ್ ಹಾಕಬೇಕೆಂದು ಕಟ್ಟಳೆ ಮಾಡಿದ. ಅದಕ್ಕೆ ಮೊದಲು ಮುಂಡಾಸು, ಬಣ್ಣ, ಚಪ್ಪಲಿ ನೋಡಿ ಯಾವ ಮತದವನೆಂದು ಹೇಳಬಹುದಿತ್ತು.

ಬಿಸಿಲೂರಿನವ
ಟೋಪಿಯ ಮಾತು ಬಂದಿದ್ದರಿಂದ ಇನ್ನೊಬ್ಬನ ಕಥೆ. ಬರ್ಲಿನ್ ಒಪ್ಪಂದದಿಂದ ಹುಟ್ಟಿದ ಪೂರ್ವ ರುಮೇಲಿಯ (ಇಂದಿನ ದಕ್ಷಿಣ ಬಲ್ಗೇರಿಯ) ಪ್ರಾಂತಕ್ಕೆ ಕ್ರೈಸ್ತ ರಾಜ್ಯಪಾಲನೇ ಇರಬೇಕೆಂದು ನಿಯಮ. ಮೊದಲಿಗೆ ಹೋದವನು ಅಲೆಕೊ ಪಾಷಾ ಬೊಗೊರಿಡಿ, ಬಲ್ಗೇರಿಯ ಮೂಲದ ಕ್ರೈಸ್ತ. 1879ರಲ್ಲಿ ಅದರ ರಾಜಧಾನಿ ಪ್ಲೊವ್ಡಿವ್ ಸೇರುವ ಹೊತ್ತಿಗೆ ಫೆಜ್ ತೆಗೆದು ಬಲ್ಗೇರಿಯನ್ನರ ತುಪ್ಪಳದ ಟೋಪಿ ಇಟ್ಟುಕೊಂಡ. ಜನ ಕುಣಿದಾಡಿದರು, ಇಸ್ತಾಂಬುಲ್ ಕೆಂಡವಾಯಿತು. ಕರಥಿಯೊಡೊರಿ ಅಂಥ ಆಟ ಆಡಿದವನಲ್ಲ.

ಚುಟುಕು
ನಮ್ಮ ಮಿರ್ಜಾ ಇಸ್ಮಾಯಿಲ್ ಮೈಸೂರು ಪೇಟ ಸುತ್ತಿಕೊಂಡು ದಸರಾ ದರ್ಬಾರಿನಲ್ಲಿ ಕೂರುತ್ತಿದ್ದುದು ನೆನಪಾಯಿತು.

ದೀವಟಿಗೆ
ಹೌದಲ್ಲ! ಹಿಂದೂ ರಾಜನಿಗೆ ಮುಸ್ಲಿಂ ದಿವಾನ, 1926ರಿಂದ 1941ರವರೆಗೆ. ಅದಕ್ಕೂ ಹಿಂದೆ ಟಿಪ್ಪುವಿಗೆ ಪೂರ್ಣಯ್ಯ. ನಮಗೆ ಇದು ಅಷ್ಟು ವಿಚಿತ್ರ ಅನ್ನಿಸಬಾರದಿತ್ತು.

ಬ್ಯಾಡಗಿ ಖಾರ
ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಮಿರ್ಜಾ ಇಸ್ಮಾಯಿಲರಿಗೆ ಹೊರಗಿನಿಂದ ಬಂದು ಮೈಸೂರನ್ನು ಹರಿದು ತಿನ್ನುವವರಿರಲಿಲ್ಲ. ಆದರೂ 1928ರ ಬೆಂಗಳೂರಿನ ಗಣಪತಿ ಗಲಭೆಯಲ್ಲಿ ಜನ ಮೊದಲು ಬೆರಳು ತೋರಿಸಿದ್ದು ದಿವಾನರ ಮತದ ಕಡೆಗೇ. ಶಾಂತ ಕಾಲದ ಮೈಸೂರಿನಲ್ಲೇ ಹೀಗೆ. ಸೋಲುತ್ತಿರುವ ಸಾಮ್ರಾಜ್ಯದಲ್ಲಿ ಹೇಗಿರಬೇಡ? ಗೋಲ್ಕೊಂಡದ ಮುಸ್ಲಿಂ ಸುಲ್ತಾನನಿಗೆ ಹಿಂದೂ ಮಂತ್ರಿಗಳಾಗಿದ್ದ ಅಕ್ಕಣ್ಣ ಮಾದಣ್ಣರನ್ನು ನೆನಪಿಸಿಕೊಳ್ಳಿ. ಮೊಗಲರು ಮೇಲೆ ಬಿದ್ದಾಗ ತಮ್ಮದೇ ಊರಿನ ಬೀದಿಯಲ್ಲಿ ಕೊಲೆಯಾದರು.

ಗೆರೆ ಕೋನ
ರಾಜಕೀಯದ ನಡುವೆ ಒಂದು ಗಣಿತದ ಮಾತು, ಕ್ಷಮಿಸಿ. ನಿಜ ವಿಶ್ಲೇಷಣೆ, ಮಾಪನ ಸಿದ್ಧಾಂತ ಓದಿದವರಿಗೆಲ್ಲ ಕರಥಿಯೊಡೊರಿ ಎಂಬ ಹೆಸರು ಗೊತ್ತು. ಆತ ಕಾನ್‌ಸ್ಟಂಟಿನ್, 1873ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವನು, ಬ್ರಸೆಲ್ಸ್‌ನಲ್ಲಿ ಬೆಳೆದವನು. ಅವನ ತಂದೆಯೂ ಸುಲ್ತಾನನ ರಾಯಭಾರಿಯೇ. ಅವನು ಮದುವೆಯಾದದ್ದು ಈ ಪಾಷಾನ ಮಗಳು ಯೂಫ್ರೋಸಿನ್‌ಳನ್ನು. ಸಂಬಂಧದಲ್ಲೇ ಕೊಟ್ಟು ತಂದದ್ದು, ನಮ್ಮ ಕಡೆಯಂತೆಯೇ.

ಪಾಷಾನೂ ಬರೀ ರಾಜಕಾರಣಿಯಲ್ಲ. ಹದಿಮೂರನೇ ಶತಮಾನದ ನಸೀರುದ್ದೀನ್ ತೂಸಿಯ ತ್ರಿಕೋನಮಿತಿ ಗ್ರಂಥವನ್ನು ಅರಬ್ಬಿ ಮೂಲದಿಂದ ಫ್ರೆಂಚ್‌ಗೆ ತಂದು 1891ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚು ಹಾಕಿಸಿದ. ಗೋಳದ ಮೇಲಿನ ತ್ರಿಕೋನಗಳ ಲೆಕ್ಕವನ್ನು ಖಗೋಳಶಾಸ್ತ್ರದಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದ ಕೃತಿ ಅದು. ಯುರೋಪಿನ ಗಣಿತ ಚರಿತ್ರೆಕಾರರಿಗೆ ತೂಸಿಯ ಈ ಕೆಲಸ ಸರಿಯಾಗಿ ತಿಳಿದದ್ದೇ ಈ ಅನುವಾದದಿಂದ. ಮುಸ್ಲಿಂ ವಿದ್ವಾಂಸನ ಅರಬ್ಬಿ ಗ್ರಂಥ, ಗ್ರೀಕ್ ಕ್ರೈಸ್ತನ ಫ್ರೆಂಚ್, ತುರ್ಕಿ ರಾಜಧಾನಿಯ ಮುದ್ರಣ. ನಿಷ್ಠೆ, ಭಯ ಎಂದು ಜಗಳವಾಡುವವರು ಇದನ್ನು ಎಲ್ಲಿ ಇಡುತ್ತೀರಿ?

ಮೂರನೇ ಬೆಂಚು
ಅಳಿಯ ಆಯ್ಕೆಯಾದದ್ದು ಲೆಕ್ಕ ಬರುತ್ತದೋ ಇಲ್ಲವೋ ನೋಡಿಯೇ ಇರಬೇಕು.

ವಿಲಾಯತಿ ದೀಪ
ಅವನ ಜೊತೆ ಬರ್ಲಿನ್‌ಗೆ ಬಂದ ಇನ್ನಿಬ್ಬರನ್ನೂ ನೋಡಿ, ತಂಡದ ರೀತಿಯೇ ಒಂದು ಕಥೆ. ಎರಡನೆಯವನು ಮೆಹ್ಮದ್ ಅಲಿ ಪಾಷಾ. ಹುಟ್ಟಿದ್ದು ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ, ಹುಡುಗನಾಗಿದ್ದಾಗ ಹಡಗಿನಿಂದ ಓಡಿಹೋಗಿ ಇಸ್ತಾಂಬುಲ್ ಸೇರಿ, ಮುಸ್ಲಿಮನಾಗಿ, ಸೈನ್ಯದಲ್ಲಿ ಮಾರ್ಷಲ್ ಆದವನು. ಬಿಸ್ಮಾರ್ಕ್‌ಗೆ ಅವನ ಮುಖ ಕಂಡರಾಗುತ್ತಿರಲಿಲ್ಲ. ಮೂರನೆಯವನು ಸಾದುಲ್ಲಾ ಬೇ, ಬರ್ಲಿನ್‌ನಲ್ಲಿದ್ದ ರಾಯಭಾರಿ, ಕವಿ.

ಆ ಒಪ್ಪಂದದಂತೆ ಮಾಂಟೆನೆಗ್ರೋಗೆ ಹೋಗಬೇಕಾದ ಊರುಗಳನ್ನು ಬಿಟ್ಟುಕೊಡಿ ಎಂದು ಒಪ್ಪಿಸಲು ಹೋದ ಮೆಹ್ಮದ್ ಅಲಿಯನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಲ್ಬೇನಿಯನ್ನರು ಯಾಕೋವಾ ಎಂಬಲ್ಲಿ ಕೊಂದರು. ಸಾದುಲ್ಲಾ 1891ರಲ್ಲಿ ವಿಯೆನ್ನಾದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮೂವರಲ್ಲಿ ಹಾಸಿಗೆಯ ಮೇಲೆ ಸತ್ತವನು ಈ ಕ್ರೈಸ್ತನೇ. ಅಂದ ಹಾಗೆ, ತುರ್ಕಿಯ ಕವಿ ನಾಜಿಮ್ ಹಿಕ್ಮತ್ ಆ ಓಡಿಹೋದ ಜರ್ಮನ್ ಹುಡುಗನ ಮರಿಮಗ.

ದೀವಟಿಗೆ
ಬಿಸ್ಮಾರ್ಕ್ ಇವರನ್ನು ಹೇಗೆ ನಡೆಸಿಕೊಂಡ?

ಹಳೆಯ ನಕಾಶೆ
ಮುಖಕ್ಕೇ ಹೇಳಿದ: ಈ ಸಭೆ ಸೇರಿದ್ದು ತುರ್ಕಿಗಾಗಿ ಎಂದು ಭ್ರಮಿಸಬೇಡಿ, ಸಾನ್ ಸ್ಟೆಫಾನೊ ಒಪ್ಪಂದ ಯುರೋಪಿನ ಹಿತಕ್ಕೆ ತಾಗದೇ ಇದ್ದಿದ್ದರೆ ಹಾಗೆಯೇ ಉಳಿಯುತ್ತಿತ್ತು ಎಂಬ ಅರ್ಥದ ಮಾತು. ಕರಥಿಯೊಡೊರಿ ಯಾವುದಾದರೂ ಕಲಮಿಗೆ ಆಕ್ಷೇಪ ಎತ್ತಿದರೆ ಅಧ್ಯಕ್ಷ ಪೀಠದಿಂದ ಸಿಡುಕು. ಹಿಂದಿನಿಂದ ಇಸ್ತಾಂಬುಲ್‌ನ ಸಹಾಯವೂ ಇಲ್ಲ. ಅಲ್ಲಿ ಪ್ರಧಾನಿಗಳು ತಿಂಗಳಿಗೊಬ್ಬರಂತೆ ಬದಲಾಗುತ್ತಿದ್ದರು, ಸುಲ್ತಾನ ಎಲ್ಲರನ್ನೂ ಅನುಮಾನಿಸುತ್ತಿದ್ದ. ಅದರ ಮೇಲೆ ಜುಲೈ 8ಕ್ಕೆ ಇನ್ನೊಂದು ಪೆಟ್ಟು: ಸೈಪ್ರಸ್ ದ್ವೀಪವನ್ನು ಬ್ರಿಟನ್‌ಗೆ ಕೊಡುವ ಗುಟ್ಟಿನ ಒಪ್ಪಂದ ಜೂನ್ 4ರಂದೇ ಆಗಿಹೋಗಿತ್ತು, ಅದು ಸಮ್ಮೇಳನದ ನಡುವೆ ಬಯಲಾಯಿತು. ಸ್ನೇಹಿತ ಎಂದು ನಂಬಿದವನೂ ಜೇಬಿಗೆ ಕೈ ಹಾಕಿಯೇ ಬಂದಿದ್ದ.

ಆದರೂ ಈ ಮನುಷ್ಯ ಏನು ಉಳಿಸಿಕೊಂಡ ಎಂಬುದನ್ನು ನೋಡಬೇಕು. ಬಾಸ್ನಿಯಾವನ್ನು ಆಸ್ಟ್ರಿಯಾ ವಶಕ್ಕೆ ಕೊಡುವ ಕಲಮು ತಪ್ಪಿಸಲಾಗಲಿಲ್ಲ. ಆದರೆ ಜುಲೈ 13ರಂದು, ಒಪ್ಪಂದಕ್ಕೆ ಸಹಿ ಬೀಳುವ ದಿನವೇ, ಆಂಡ್ರಾಸಿಯಿಂದ ಗುಟ್ಟಾಗಿ ಬರೆಸಿಕೊಂಡ: ಈ ವಶ ತಾತ್ಕಾಲಿಕ, ಸುಲ್ತಾನನ ಸಾರ್ವಭೌಮ ಹಕ್ಕಿಗೆ ಧಕ್ಕೆಯಿಲ್ಲ. ಆಮೇಲೆ ತಾನೇ ವಿದೇಶಾಂಗ ಮಂತ್ರಿಯಾದಾಗ 1879ರ ಏಪ್ರಿಲ್ 21ರಂದು ಆಸ್ಟ್ರಿಯಾದೊಂದಿಗೆ ವಿವರವಾದ ಕರಾರು ಮಾಡಿಕೊಂಡ. ಬಾಸ್ನಿಯಾದ ಮಸೀದಿಗಳ ಪ್ರಾರ್ಥನೆಯಲ್ಲಿ ಸುಲ್ತಾನನ ಹೆಸರು ಹೇಳುವುದು ನಿಲ್ಲಬಾರದು, ಮಿನಾರುಗಳ ಮೇಲೆ ಆಟೊಮನ್ ಬಾವುಟ ಹಾರಿಸುವ ರೂಢಿ ಇದ್ದಲ್ಲಿ ಹಾಗೆಯೇ ಮುಂದುವರಿಯಬೇಕು ಎಂದು ಅದರಲ್ಲಿ ಇದೆ. ಬಾಸ್ನಿಯಾದ ಮುಸ್ಲಿಮರ ಶುಕ್ರವಾರದ ಪ್ರಾರ್ಥನೆಯಲ್ಲಿ ಖಲೀಫನ ಹೆಸರು ಉಳಿಸಿದ ಕಾಗದಕ್ಕೆ ಒಬ್ಬ ಗ್ರೀಕ್ ಕ್ರೈಸ್ತನ ಸಹಿ ಇದೆ. ಬಲಿಪಶು ಎನ್ನುವವರು ಈ ಕರಾರನ್ನು ಒಮ್ಮೆ ಓದಬೇಕು. ಬಲಿಗೆ ಬಂದ ಕುರಿ ಕಲಮು ಕಲಮಾಗಿ ಚೌಕಾಶಿ ಮಾಡುವುದಿಲ್ಲ.

ಬ್ಯಾಡಗಿ ಖಾರ
ಚೌಕಾಶಿ ಮಾಡಿ ಬಂದದ್ದೇನು? 1908ರಲ್ಲಿ ಆಸ್ಟ್ರಿಯಾ ಬಾಸ್ನಿಯಾವನ್ನು ನುಂಗಿಯೇ ಬಿಟ್ಟಿತು. ಆ ಗುಟ್ಟಿನ ಕಾಗದ ಯಾರ ಪೆಟ್ಟಿಗೆಯಲ್ಲಿತ್ತೋ.

ಹಳೆಯ ನಕಾಶೆ
ಮೂವತ್ತು ವರ್ಷ ತಡೆದು ನಿಂತಿತಲ್ಲ. ಕುಸಿಯುವ ರಾಜ್ಯದ ಮಂತ್ರಿ ಗಳಿಸಬಹುದಾದದ್ದು ಕಾಲಾವಕಾಶ ಮಾತ್ರ. 1908ರಲ್ಲಿ ಕೂಡ ಆಸ್ಟ್ರಿಯಾ ಬಿಟ್ಟಿಯಾಗಿ ನುಂಗಲಿಲ್ಲ, ಪರಿಹಾರದ ಹಣ ಕಟ್ಟಬೇಕಾಯಿತು.

ಬಿಸಿಲೂರಿನವ
ಒಪ್ಪಂದದ 62ನೇ ಕಲಮು ನೋಡಿ ನಗು ಬಂತು. ಆಟೊಮನ್ ರಾಜ್ಯದಲ್ಲಿ ಮತದ ಕಾರಣಕ್ಕೆ ಯಾರಿಗೂ ಸರ್ಕಾರಿ ಹುದ್ದೆ ತಪ್ಪಬಾರದು ಎಂದು ಯುರೋಪಿನವರು ಬುದ್ಧಿ ಹೇಳಿದ್ದಾರೆ. ಹೇಳಿಸಿಕೊಳ್ಳುತ್ತಾ ಎದುರಿಗೆ ಕುಳಿತವನು ಕ್ರೈಸ್ತ ಪಾಷಾ! ಬುದ್ಧಿ ಹೇಳಿದವರ ಪೈಕಿ ರಷ್ಯಾದಲ್ಲಿ ಒಬ್ಬ ಯಹೂದಿ ಮಂತ್ರಿಯಾಗುವುದನ್ನು ಕನಸಿನಲ್ಲೂ ಕಾಣಲಾಗುತ್ತಿರಲಿಲ್ಲ.

ನೇತ್ರಾವತಿ ದಡ
ನಗುವಿನ ಪಕ್ಕದಲ್ಲೇ 61ನೇ ಕಲಮೂ ಇದೆ. ಅರ್ಮೇನಿಯನ್ನರಿರುವ ಪ್ರಾಂತಗಳಲ್ಲಿ ಸುಧಾರಣೆ ತರುತ್ತೇವೆ, ಅವರನ್ನು ರಕ್ಷಿಸುತ್ತೇವೆ ಎಂಬ ಭಾಷೆ. ಅದಕ್ಕೂ ಇದೇ ಕರಥಿಯೊಡೊರಿಯ ಸಹಿ. ಸುಧಾರಣೆ ಬರಲಿಲ್ಲ, 1894ರಿಂದ 96ರವರೆಗೆ ಕಗ್ಗೊಲೆಗಳು ನಡೆದವು. ಆ ಹೊತ್ತಿನಲ್ಲೂ ಈತ ಅದೇ ಸುಲ್ತಾನನ ಸೇವೆಯಲ್ಲಿದ್ದ. ನಾನು ಅವನನ್ನು ಮೇಲೆ ಸಮರ್ಥಿಸಿದ್ದೇನೆ. ಆದರೆ ಇದನ್ನು ನುಂಗುವುದು ಕಷ್ಟ.

ಮೂರನೇ ಬೆಂಚು
ರಾಜೀನಾಮೆ ಕೊಟ್ಟಿದ್ದರೆ ಕಗ್ಗೊಲೆ ನಿಲ್ಲುತ್ತಿತ್ತೇ?

ನೇತ್ರಾವತಿ ದಡ
ನಿಲ್ಲುತ್ತಿರಲಿಲ್ಲ. ಅದು ಪ್ರಶ್ನೆಗೆ ಉತ್ತರವಲ್ಲ, ತಮ್ಮಾ.

ದೀವಟಿಗೆ
ವಿದೇಶಾಂಗ ಮಂತ್ರಿಯಾದ ಮೇಲೆ ಏನಾದ?

ಬಿಸಿಲೂರಿನವ
1878ರ ಕೊನೆಯಲ್ಲಿ ಮಂತ್ರಿ, 1879ರಲ್ಲೇ ಹುದ್ದೆ ಹೋಯಿತು. ಆಮೇಲೆ 1885ರಿಂದ 1894ರವರೆಗೆ ಸಾಮೋಸ್ ದ್ವೀಪದ ಅರಸು. ಅದು ಸುಲ್ತಾನನಿಗೆ ಕಪ್ಪ ಕಟ್ಟುವ ಅರೆಸ್ವತಂತ್ರ ದ್ವೀಪ, ಕ್ರೈಸ್ತನನ್ನೇ ಅಲ್ಲಿ ಅರಸಾಗಿ ನೇಮಿಸುತ್ತಿದ್ದರು. ಗೆರೆ ಕೋನ ಅವರು ಹೇಳಿದ ತೂಸಿಯ ಪುಸ್ತಕ ಹೊರಬಂದದ್ದು ಈ ಅವಧಿಯಲ್ಲೇ. ದ್ವೀಪದಲ್ಲಿ ಬಿಡುವು ಇತ್ತೆಂದು ಕಾಣುತ್ತದೆ.

ಆದರೆ ಅವನ ಪೂರ್ತಿ ಪಾಡು ಕಾಣಬೇಕಾದರೆ ಕ್ರೀಟ್‌ಗೆ ಬರಬೇಕು. 1895ರಲ್ಲಿ ಅಲ್ಲಿ ಗಲಾಟೆ ಜೋರಾದಾಗ ಕ್ರೈಸ್ತರಿಗೆ ಸಮಾಧಾನವಾಗಲಿ ಎಂದು ಇವನನ್ನು ರಾಜ್ಯಪಾಲನನ್ನಾಗಿ ಕಳುಹಿಸಿದರು. ಕ್ರೈಸ್ತ ರಾಜ್ಯಪಾಲ ಬಂದನೆಂದು ದ್ವೀಪದ ಮುಸ್ಲಿಮರು ರೊಚ್ಚಿಗೆದ್ದರು. ಸುಲ್ತಾನನ ಚಾಕರ ಬಂದನೆಂದು ಕ್ರೈಸ್ತ ಬಂಡುಕೋರರೂ ನಂಬಲಿಲ್ಲ. ಕೈಯಲ್ಲಿ ಹಣವಿಲ್ಲ, ಸೈನ್ಯದ ಮೇಲೆ ಹಿಡಿತವಿಲ್ಲ. ಒಂದು ವರ್ಷವೂ ತುಂಬುವ ಮೊದಲೇ, 1896ರ ಮಾರ್ಚ್‌ನಲ್ಲಿ, ತೆಗೆದು ತುರ್ಹಾನ್ ಪಾಷಾನನ್ನು ಹಾಕಿದರು. ಬರ್ಲಿನ್‌ಗಿಂತ ಇದೇ ಅವನ ನಿಜವಾದ ಸೋಲು ಎಂದು ನನ್ನ ಅನಿಸಿಕೆ. ಬರ್ಲಿನ್‌ನಲ್ಲಿ ಎದುರಿಗಿದ್ದವರು ಕಾಗದ ಓದುತ್ತಿದ್ದರು. ಇಲ್ಲಿ ಎರಡೂ ಕಡೆಯವರ ಕೈಯಲ್ಲಿ ಕೋವಿ.

ಚುಟುಕು
ಎರಡೂ ಮನೆಗೆ ಬೇಡವಾದ ನೆಂಟ.

ಗೆರೆ ಕೋನ
ಮೇಲೆ ಯಾರೋ ಟಿಪ್ಪುವಿನ ಹೆಸರು ಎತ್ತಿದರು. ಟಿಪ್ಪು ಇದೇ ಇಸ್ತಾಂಬುಲ್‌ಗೆ 1786ರಲ್ಲಿ ದೊಡ್ಡ ನಿಯೋಗ ಕಳುಹಿಸಿದ್ದನಲ್ಲವೇ? ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹೊರಟದ್ದು ಎಂದು ಓದಿದ ನೆನಪು. ಕಾರವಾರದ ಕಡೆಯವರು ಯಾರಾದರೂ ಇದ್ದೀರಾ?

ಹಳೆಯ ನಕಾಶೆ
ಹೌದು, ಗುಲಾಮ್ ಅಲಿ ಖಾನ್ ನೇತೃತ್ವ. ಆಗ ಇದ್ದದ್ದು ಮೊದಲನೇ ಅಬ್ದುಲ್ ಹಮೀದ್. ಬ್ರಿಟಿಷರ ವಿರುದ್ಧ ಸಹಾಯ ಕೇಳಿದರೆ ಸಿಕ್ಕಿದ್ದು ಗೌರವದ ಮಾತು ಮಾತ್ರ, ಏಕೆಂದರೆ ಅವರಿಗೇ ರಷ್ಯಾದೊಂದಿಗೆ ಯುದ್ಧ ಹತ್ತಿಕೊಂಡಿತ್ತು. ಹೋದ ನೂರಾರು ಜನರಲ್ಲಿ ಬಹುಪಾಲು ರೋಗದಿಂದ ದಾರಿಯಲ್ಲೇ ಸತ್ತರು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆರೆಸಿದರೆ ದೀವಟಿಗೆ ಮೇಷ್ಟ್ರ ಪಾಠ ಈ ವರ್ಷ ಮುಗಿಯುವುದಿಲ್ಲ.

ಬ್ಯಾಡಗಿ ಖಾರ
ಪಾಠಕ್ಕೆ ಇನ್ನೊಬ್ಬನನ್ನೂ ಸೇರಿಸಿಕೊಳ್ಳಿ, ಮೇಷ್ಟ್ರೇ. ಗೇಬ್ರಿಯಲ್ ನೊರಾದುಂಕ್ಯಾನ್, ಅರ್ಮೇನಿಯನ್ ಕ್ರೈಸ್ತ. 1912ರ ಜುಲೈನಲ್ಲಿ ವಿದೇಶಾಂಗ ಮಂತ್ರಿಯಾದ, ಅಕ್ಟೋಬರ್‌ನಲ್ಲಿ ಬಾಲ್ಕನ್ ಯುದ್ಧ ಶುರುವಾಯಿತು, 1913ರ ಜನವರಿ 23ರಂದು ಸೇನಾಧಿಕಾರಿ ಎನ್ವರ್ ಮತ್ತು ಅವನ ಕಡೆಯವರು ಪಿಸ್ತೂಲು ಹಿಡಿದು ಸಚಿವಾಲಯಕ್ಕೆ ನುಗ್ಗಿ ಇಡೀ ಸರ್ಕಾರವನ್ನೇ ಕಿತ್ತೊಗೆದರು. ಹತ್ತು ವರ್ಷದ ನಂತರ ಲೋಸಾನ್ ಸಂಧಾನದಲ್ಲಿ ಅದೇ ನೊರಾದುಂಕ್ಯಾನ್ ನಿರಾಶ್ರಿತ ಅರ್ಮೇನಿಯನ್ನರ ಪರ ಅರ್ಜಿ ಹಿಡಿದು ಬಾಗಿಲು ತಟ್ಟುತ್ತಿದ್ದ. ಸತ್ತದ್ದು ಪ್ಯಾರಿಸ್‌ನಲ್ಲಿ. ಸಾಮ್ರಾಜ್ಯದ ನಿಷ್ಠ ಸೇವಕರಿಗೆ ಸಾಮ್ರಾಜ್ಯ ಕೊಟ್ಟ ನಿವೃತ್ತಿ ವೇತನ ಅದು. ನಿಮ್ಮ ಕರಥಿಯೊಡೊರಿ 1906ರಲ್ಲೇ ಸತ್ತು ಬಚಾವಾದ.

ವಿಲಾಯತಿ ದೀಪ
ಅವನ ಅಳಿಯ ಬಚಾವಾಗಲಿಲ್ಲ. 1920ರಲ್ಲಿ ಗ್ರೀಕರು ಸ್ಮಿರ್ನಾದಲ್ಲಿ ವಿಶ್ವವಿದ್ಯಾಲಯ ಕಟ್ಟಲು ಗಣಿತಜ್ಞ ಕಾನ್‌ಸ್ಟಂಟಿನ್‌ನನ್ನು ಕರೆದರು. ಕಟ್ಟಡ ಸಿದ್ಧವಾಯಿತು, ಪುಸ್ತಕ ಬಂದವು, ಪಾಠ ಶುರುವಾಗುವ ಮೊದಲೇ 1922ರ ಸೆಪ್ಟೆಂಬರ್‌ನಲ್ಲಿ ಊರಿಗೆ ಬೆಂಕಿ ಬಿತ್ತು. ಆತ ಗ್ರಂಥಾಲಯದ ಪುಸ್ತಕಗಳನ್ನು ಉಳಿಸಿ ಅಥೆನ್ಸ್‌ಗೆ ಸಾಗಿಸಿದ. ಮಾವ ಯಾವ ರಾಜ್ಯಕ್ಕಾಗಿ ವಾದಿಸಿದ್ದನೋ ಅದರೊಳಗೆ ಗ್ರೀಕರು ಇರುವ ಕಾಲವೇ ಮುಗಿದಿತ್ತು.

ನೇತ್ರಾವತಿ ದಡ
ಖಾರ ಅವರೇ, ನೊರಾದುಂಕ್ಯಾನ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅದನ್ನು 1878ಕ್ಕೆ ಹಿಂದಕ್ಕೆ ಎಳೆದು ತರಬೇಡಿ. ಸಂವಿಧಾನ ಬಂದು ಎರಡು ವರ್ಷವೂ ಆಗಿರಲಿಲ್ಲ. ಸಂಸತ್ತಿನಲ್ಲಿ ಕ್ರೈಸ್ತ, ಯಹೂದಿ ಸದಸ್ಯರು ಕುಳಿತು ಮಾತನಾಡಿದ್ದರು. ಸುಲ್ತಾನ ಅದನ್ನು ಮುಚ್ಚಿಸಿದ್ದು 1878ರ ಫೆಬ್ರವರಿಯಲ್ಲಿ. ಮತ್ತೆ ತೆರೆಯಬಹುದು ಎಂದು ಕರಥಿಯೊಡೊರಿಯಂಥವರು ಆಗ ನಂಬಿದ್ದರೆ ಅದು ಮೂರ್ಖತನವಲ್ಲ.

ದೀವಟಿಗೆ
ಎಲ್ಲರಿಗೂ ಧನ್ಯವಾದ. ಸೋಮವಾರದ ತರಗತಿಗೆ ಈ 1879ರ ಕರಾರು ಮತ್ತು ಕ್ರೀಟ್, ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳಿಗೇ ಬಿಡುತ್ತೇನೆ. ಒಂದು ಕೊನೆಯ ಪ್ರಶ್ನೆ: ಮೊಗಲರ ಇಳಿಗಾಲದಲ್ಲಿ ಇಂಥ ಕ್ರೈಸ್ತರು ಯಾರಾದರೂ ಇದ್ದರೇ? ಮಕ್ಕಳು ಕೇಳಿಯೇ ಕೇಳುತ್ತಾರೆ.

ಬಿಸಿಲೂರಿನವ
ಜೂಲಿಯಾನಾ ಡಯಸ್ ಡಾ ಕೋಸ್ಟಾ. ಪೋರ್ಚುಗೀಸ್ ಮೂಲದ ಕ್ಯಾಥೊಲಿಕ್ ಹೆಂಗಸು, ಔರಂಗಜೇಬನ ಮಗ ಬಹಾದ್ದೂರ್ ಷಾನ ಆಸ್ಥಾನದಲ್ಲಿ ಅವಳ ಮಾತಿಗೆ ಬೆಲೆ ಇತ್ತು. 1711ರಲ್ಲಿ ಡಚ್ಚರ ರಾಯಭಾರಿ ಕೆಟೆಲಾರ್ ಲಾಹೋರ್‌ಗೆ ಬಂದಾಗ ದರ್ಬಾರಿನಲ್ಲಿ ಅವನ ಕೆಲಸ ಮಾಡಿಸಿಕೊಟ್ಟವಳು ಅವಳೇ.

ಮೂರನೇ ಬೆಂಚು
ದೆಹಲಿಯಲ್ಲಿ ಓಖ್ಲಾ ಹತ್ತಿರದ ಸರಾಯ್ ಜುಲೇನಾ ಅವಳ ಹೆಸರೇ ಏನು? ಅಲ್ಲೇ ಬಾಡಿಗೆ ಮನೆಯಲ್ಲಿದ್ದೆ, ಯಾರೂ ಹೇಳಲಿಲ್ಲ.

ಬಿಸಿಲೂರಿನವ
ಅವಳದ್ದೇ.